ಹಿಮಧವಳ ಲೇಪನ

ಚಳಿಗೆ ಬಿರಿಯುವ ಚರ್ಮಕ್ಕೆ ಬರಿಯ ತೈಲ ಸಾಲದು, ನೀರೂ ಎಣ್ಣೆಯೂ ಒಡೆಯದೆ ಬೆರೆತ ಲೇಪನ ಬೇಕೆಂಬ ತಿಳಿವು, ಅಭ್ಯಂಜನದ ಸುಖವನ್ನು ಬಲ್ಲ ನಮಗೂ ತಡವಾಗಿಯೇ ಬಂದಿತು. ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ, ರಸಾಯನಶಾಸ್ತ್ರಜ್ಞ ಐಸಾಕ್ ಲಿಫ್‌ಶುಟ್ಸ್ ಕುರಿಯುಣ್ಣೆಯ ಮೇಣದಿಂದ ಪಡೆದ ‘ಯೂಸೆರಿಟ್’ ದ್ರವ್ಯವು ಇವೆರಡನ್ನೂ ಸ್ಥಿರವಾಗಿ ಬಂಧಿಸಬಲ್ಲುದೆಂದರಿತು, ಚರ್ಮವೈದ್ಯ ಪೌಲ್ ಗೆರ್ಸನ್ ಉನ್ನಾ ಅದರ ಮಹತ್ತ್ವವನ್ನು ಎತ್ತಿತೋರಿಸಲಾಗಿ, ಬೈಯರ್ಸ್‌ಡಾರ್ಫ್ ಸಂಸ್ಥೆಯ ಒಡೆಯನಾದ ಔಷಧತಜ್ಞ ಆಸ್ಕರ್ ಟ್ರೊಪ್ಲೊವಿಟ್ಸ್ 1911ರಲ್ಲಿ ‘ನಿವಿಯಾ’ ಲೇಪನವನ್ನು ಹೊರತಂದನು. ಹಿಮಧವಳವೆಂಬುದೇ ಆ ಲ್ಯಾಟಿನ್ ನಾಮದ ಅರ್ಥ. ಆ ಧವಳಿಮೆ ಲೇಪನದ್ದೇ ಹೊರತು ಮೈಬಣ್ಣದ್ದಲ್ಲವೆಂಬುದನ್ನು ನಮ್ಮವರು ಮೊದಲೇ ಅರಿತಿದ್ದರೆ ಎಷ್ಟು ಲೇಸಾಗುತ್ತಿದ್ದಿತು! ಯಹೂದಿ ವಂಶಜನಾದ ಟ್ರೊಪ್ಲೊವಿಟ್ಸ್ 1918ರಲ್ಲಿ ತೀರಿಕೊಂಡನು. ನಿವಿಯಾಕ್ಕೆ ನೀಲಿ ಡಬ್ಬಿ ಬಂದುದು 1925ರಲ್ಲಿ. 1933ರಲ್ಲಿ ನಾಜಿಗಳ ಒತ್ತಡಕ್ಕೆ ಸಿಲುಕಿ ಸಂಸ್ಥೆಯ ಯಹೂದಿ ನಿರ್ದೇಶಕರು ತಮ್ಮ ಸ್ಥಾನಗಳನ್ನು ತೊರೆಯಬೇಕಾಯಿತು.