ಮೂರಡಿ ದೂರದ ಚಿಟ್ಟೆ

ಬೆಂಗಳೂರಿನ ಮಾಮೂಲ್‌ಪೇಟೆಯ ನಮ್ಮ ತಾರಸಿಯಲ್ಲಿ ಹಸಿರೆಂದರೆ ಅಮ್ಮನ ಕರಿಬೇವಿನ ಕುಂಡವೊಂದೇ. ನಿಂಬೆ ಚಿಟ್ಟೆ ಮೊಟ್ಟೆಯಿಡಲು ಅಲ್ಲಿಗೇ ಬರುತ್ತಿತ್ತು. ಅದನ್ನು ಕ್ಯಾಮೆರಾದಲ್ಲಿ ಹಿಡಿಯುವ ಆಸೆ ನನಗೆ. ಅದು ರೀಲಿನ ಕಾಲ, ಒಂದು ರೀಲಿಗೆ 36 ಚಿತ್ರ. 50 ಎಂಎಂ ಲೆನ್ಸಿನ ಹಿಂದೆ, ಅದನ್ನು ರೀಲಿನಿಂದ ದೂರ ಸರಿಸುವ ಅಷ್ಟೇ ಉದ್ದದ ಎಕ್ಸ್ಟೆನ್ಷನ್ ರಿಂಗು ಜೋಡಿಸಿದರೆ ರೀಲಿನ ಮೇಲೆ ಚಿತ್ರ ನಿಜ ಗಾತ್ರಕ್ಕೇ ಮೂಡುತ್ತದೆ, ಆದರೆ ನಾಲ್ಕಂಗುಲ ಹತ್ತಿರ ಹೋಗಬೇಕು. ನೆರಳು ಬಿತ್ತೋ, ಚಿಟ್ಟೆ ಮಾಯ. ಅದೇ ರಿಂಗನ್ನು 200 ಎಂಎಂ ಲೆನ್ಸಿಗೆ ಹಾಕಿದೆ. ಗಾತ್ರ ಕಾಲು ಭಾಗಕ್ಕಿಳಿಯಿತು, ಆದರೆ ಮೂರಡಿ ದೂರ ಸಿಕ್ಕಿತು.

ಬೆಂಗಳೂರಿನಲ್ಲಿ ನಿಸರ್ಗ ಛಾಯಾಗ್ರಹಣದ ಈ ಹಾದಿ ಹಳೆಯದು: ಒ.ಸಿ. ಎಡ್ವರ್ಡ್ಸ್, ಅವರ ಶಿಷ್ಯ ಟಿ.ಎನ್.ಎ. ಪೆರುಮಾಳ್ (1932–2017), ಇ. ಹನುಮಂತರಾವ್, 1971ರಲ್ಲಿ ಶುರುವಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿ. ಕಾಯುವುದನ್ನು ನಾನು ಕಲಿತದ್ದು ಪೆರುಮಾಳರ ಚಿತ್ರಗಳನ್ನು ನೋಡುತ್ತಲೇ.

ಚಿಟ್ಟೆ ಮೊಟ್ಟೆಯಿಟ್ಟು ಹೋಯಿತು. ಹುಳುಗಳು ಬೆಳೆಯುವವರೆಗೂ ಅಮ್ಮ ಸಾರಿನ ಒಗ್ಗರಣೆಗೆ ಆ ಗಿಡ ಮುಟ್ಟಲಿಲ್ಲ.