ದಯಾಮರಣ, ಸಲ್ಲೇಖನ ಮತ್ತು ಮರಣದ ಬಯಕೆ

1973ರಲ್ಲಿ ನೆದರ್ಲೆಂಡ್ಸಿನ ಲೇವಾರ್ಡನ್ ನ್ಯಾಯಾಲಯವು, ವ್ಯಾಧಿಪೀಡಿತಳಾದ ತನ್ನ ತಾಯಿಯ ಕೋರಿಕೆಯಂತೆ ಮಾರಕ ಪ್ರಮಾಣದ ಮಾರ್ಫಿನ್ ನೀಡಿದ ವೈದ್ಯೆಯೊಬ್ಬರನ್ನು ಅಪರಾಧಿಯೆಂದೇ ಘೋಷಿಸಿತು. ವಿಧಿಸಿದ್ದು ಮಾತ್ರ ಒಂದು ವಾರದ ಸಜೆ, ಅದೂ ಅಮಾನತಿನಲ್ಲಿಟ್ಟದ್ದು. ಜನರ ಸಹಾನುಭೂತಿ ವೈದ್ಯೆಯ ಕಡೆಗಿತ್ತು. ಕಾನೂನು ಆ ಸಹಾನುಭೂತಿಯನ್ನು ಮುಟ್ಟಲು ಮುಂದೆ ಸುಮಾರು ಮೂರು ದಶಕಗಳೇ ಬೇಕಾದವು. 2002ರಲ್ಲಿ ಜಾರಿಗೆ ಬಂದ ಅಲ್ಲಿನ ಕಾಯಿದೆ ರೋಗಿಯ ಸ್ವಇಚ್ಛೆಯ ಕೋರಿಕೆ, ಅಸಹನೀಯ ಯಾತನೆ, ಚೇತರಿಕೆಯ ಭರವಸೆಯಿಲ್ಲದ ಸ್ಥಿತಿ, ಇನ್ನೊಬ್ಬ ವೈದ್ಯರ ಅಭಿಪ್ರಾಯ ಮೊದಲಾದ ನಿಬಂಧನೆಗಳನ್ನು ಮುಂದಿಟ್ಟಿತು.

ಇವುಗಳಲ್ಲಿ ಮೂರನೆಯದು ಜೈನ ಸಾಹಿತ್ಯದ ಓದುಗರಿಗೆ ಹೊಸದಲ್ಲ. ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ವು ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳು ನಿಷ್ಪ್ರತೀಕಾರವಾದಾಗ ಧರ್ಮಕ್ಕಾಗಿ ದೇಹವನ್ನು ತ್ಯಜಿಸುವುದನ್ನೇ ಸಲ್ಲೇಖನವೆನ್ನುತ್ತದೆ. ಸಾಮ್ಯ ಇಲ್ಲಿಗೇ ಮುಗಿಯುತ್ತದೆ. ಸಲ್ಲೇಖನದಲ್ಲಿ ಮದ್ದು ಕೊಡುವ ಇನ್ನೊಂದು ಕೈಯಿಲ್ಲ. ಆಹಾರವನ್ನು ಹಂತಹಂತವಾಗಿ ಬಿಡುವವನು ವ್ರತಿಯೇ. ಅದಕ್ಕಿಂತ ಮುಖ್ಯವಾದುದು, ಬೇಗ ಸಾವು ಬರಲೆಂಬ ಬಯಕೆಯೇ ಈ ವ್ರತಕ್ಕೆ ಅತಿಚಾರ. ಡಚ್ ಕಾಯಿದೆಗೆ ಆಧಾರವಾದ ಕೋರಿಕೆಯೇ ಇಲ್ಲಿ ದೋಷವೆನಿಸುತ್ತದೆ.

ಈ ಭೇದವನ್ನು ಗಮನಿಸದೆ ಸಲ್ಲೇಖನವನ್ನು ಆತ್ಮಹತ್ಯೆಯ ಸಾಲಿಗೆ ಸೇರಿಸುವುದು ಸರಿಯಾಗದು. ರಾಜಸ್ಥಾನ ಉಚ್ಚ ನ್ಯಾಯಾಲಯವು 2015ರ ಆಗಸ್ಟ್ 10ರಂದು ಹಾಗೆಯೇ ಸೇರಿಸಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ನೀಡಿತು. 2018ರಲ್ಲಿ ಅದೇ ನ್ಯಾಯಾಲಯ ನಿಷ್ಕ್ರಿಯ ದಯಾಮರಣವನ್ನು, ಎಂದರೆ ಫಲವಿಲ್ಲದ ಚಿಕಿತ್ಸೆಯನ್ನು ನಿಲ್ಲಿಸುವುದನ್ನು, ನಿಬಂಧನೆಗಳೊಡನೆ ಮಾನ್ಯ ಮಾಡಿತು.