ಮೂರು ಕಂಪ್ಯೂಟರು, ಮಿಕ್ಕಿದ್ದೆಲ್ಲ ಖಾಲಿ ಡಬ್ಬ

1977ರ ಏಪ್ರಿಲ್ 16, ಶನಿವಾರ. ಸ್ಯಾನ್ ಫ್ರಾನ್ಸಿಸ್ಕೋದ ಸಿವಿಕ್ ಆಡಿಟೋರಿಯಂ ಮುಂದೆ ಕಟ್ಟಡವನ್ನೇ ಸುತ್ತುಹಾಕಿಕೊಂಡು ಜನ ಕ್ಯೂ ನಿಂತಿದ್ದರು. ಒಳಗೆ ನಡೀತಾ ಇದ್ದಿದ್ದು ಸಂಗೀತ ಕಛೇರಿ ಅಲ್ಲ, ಕಂಪ್ಯೂಟರ್ ಜಾತ್ರೆ. ಹೆಸರೇ ಹಾಗೆ, ವೆಸ್ಟ್ ಕೋಸ್ಟ್ ಕಂಪ್ಯೂಟರ್ ಫೇರ್. ನಡೆಸಿದವರು ಜಿಮ್ ವಾರೆನ್, ಹಿಂದೆ ಗಣಿತದ ಮೇಷ್ಟ್ರಾಗಿದ್ದವರು. ಎರಡು ದಿನದಲ್ಲಿ ಹೆಚ್ಚುಕಮ್ಮಿ 13 ಸಾವಿರ ಜನ ಬಂದರು, ಅವರು ಅಂದುಕೊಂಡಿದ್ದಕ್ಕಿಂತ ಎಷ್ಟೋ ಹೆಚ್ಚು. ಆ ಕಾಲಕ್ಕೆ ಕಂಪ್ಯೂಟರ್ ಅಂದ್ರೆ ಬ್ಯಾಂಕಲ್ಲೋ ಯೂನಿವರ್ಸಿಟಿಯಲ್ಲೋ ಏಸಿ ಕೋಣೆಯೊಳಗೆ ಬೀಗ ಹಾಕಿಟ್ಟಿರೋ ಯಂತ್ರ ಅನ್ನೋದು ನೆನಪಿರಲಿ.

ಬಾಗಿಲು ದಾಟಿ ಒಳಗೆ ಬಂದವರ ಕಣ್ಣಿಗೆ ಮೊದಲು ಬೀಳುತ್ತಿದ್ದ ಮಳಿಗೆ ಆಪಲ್‌ನದು. ಕಪ್ಪು ವೆಲ್ವೆಟ್ ಹೊದಿಸಿದ ಟೇಬಲ್, ಹಿಂದಿನಿಂದ ದೀಪ ಬೆಳಗುವ ದೊಡ್ಡ ಪ್ಲಾಸ್ಟಿಕ್ ಹಲಗೆ, ಅದರ ಮೇಲೆ ಬಣ್ಣಬಣ್ಣದ ಪಟ್ಟೆಯ ಕಚ್ಚಿದ ಸೇಬು. ಟೇಬಲ್ ಮೇಲೆ ಮೂರು ಆಪಲ್ II. ಪಕ್ಕದಲ್ಲಿ ಡಬ್ಬಗಳ ರಾಶಿ. ನೋಡಿದವರಿಗೆ "ಓಹೋ, ಮಾಲು ರಾಶಿ ಬಿದ್ದಿದೆ" ಅನ್ನಿಸಬೇಕು. ಆದರೆ ತಯಾರಾಗಿದ್ದಿದ್ದೇ ಆ ಮೂರು. ಡಬ್ಬಗಳೆಲ್ಲ ಖಾಲಿ.

ಈ ಖಾಲಿ ಡಬ್ಬದ ಕತೆ ನಮ್ಮ ಸ್ಟಾರ್ಟಪ್ ಮಂದಿಗೆ ಬಹಳ ಇಷ್ಟ. "ನೋಡಿ, ಆಪಲ್ಲೇ ಹಿಂಗ್ ಮಾಡಿತ್ತು" ಅಂತ ಹೇಳಿ, ಇನ್ನೂ ಕೋಡೇ ಬರೆದಿಲ್ಲದ ಪ್ರಾಡಕ್ಟಿಗೆ ಸ್ಟಾಲ್ ಬುಕ್ ಮಾಡ್ತಾರೆ. ಡಬ್ಬ ಖಾಲಿ ಇದ್ದಿದ್ದು ನಿಜ. ಆದರೆ ಟೇಬಲ್ ಮೇಲಿದ್ದ ಮೂರೂ ಕೆಲಸ ಮಾಡುತ್ತಿದ್ದವು. ಕತೆ ಹೇಳೋರು ಅದನ್ನ ಬಿಟ್ಟೇ ಹೇಳ್ತಾರೆ. ಅದಕ್ಕೂ ಎಂಟು ತಿಂಗಳು ಹಿಂದಿನದನ್ನಂತೂ ಯಾರೂ ಹೇಳೋದೇ ಇಲ್ಲ.

1976ರ ಆಗಸ್ಟ್ ಕೊನೆ. ದೇಶದ ಇನ್ನೊಂದು ತುದಿಯ ಅಟ್ಲಾಂಟಿಕ್ ಸಿಟಿಯಲ್ಲಿ ಪಿಸಿ '76 ಅಂತ ಒಂದು ಮೇಳ. ಸ್ಟೀವ್ ಜಾಬ್ಸ್, ಸ್ಟೀವ್ ವೋಜ್ನಿಯಾಕ್ ಇಬ್ಬರೂ ಸಿಗಾರ್ ಡಬ್ಬದಲ್ಲಿ ತಮ್ಮ ಆಪಲ್ I ಇಟ್ಟುಕೊಂಡು ವಿಮಾನ ಹತ್ತಿದರು. ಆಪಲ್ I ಅಂದರೆ ಬರೀ ಒಂದು ಸರ್ಕಿಟ್ ಬೋರ್ಡು. ಪೆಟ್ಟಿಗೆ, ಕೀಬೋರ್ಡು, ಪವರ್ ಸಪ್ಲೈ ಎಲ್ಲಾ ಕೊಂಡವನೇ ಹೊಂದಿಸಿಕೋಬೇಕು. ಅದೇ ಮೇಳದಲ್ಲಿ ಪ್ರೊಸೆಸರ್ ಟೆಕ್ನಾಲಜಿ ಅನ್ನೋ ಕಂಪನಿ ಸೋಲ್-20 ಇಟ್ಟಿತ್ತು. ಅದಕ್ಕೆ ಲೋಹದ ಪೆಟ್ಟಿಗೆ, ಎರಡೂ ಬದಿಗೆ ಮರದ ಹಲಗೆ, ಒಳಗೇ ಕೂರಿಸಿದ ಕೀಬೋರ್ಡು. ಅದರ ಮುಂದೆ ಆಪಲ್ ಅಂದ್ರೆ ಮಾಲ್‌ನ ಎದುರಿಗೆ ಗೋಣಿತಟ್ಟು ಹಾಸಿದ ಅಂಗಡಿ ಇದ್ದ ಹಾಗೆ.

ಆ ಮೇಳದಲ್ಲಿ ವೋಜ್ ಹಗಲೆಲ್ಲ ಹೋಟೆಲ್ ರೂಮಲ್ಲಿ ಕೂತು, ಮುಂದಿನ ಯಂತ್ರದ ಮಾದರಿಯನ್ನು ತಿದ್ದುತ್ತಿದ್ದ. ಜಾಬ್ಸ್ ಮಳಿಗೆ ಮಳಿಗೆ ಸುತ್ತಿ ಬೇರೆಯವರದನ್ನು ನೋಡಿದ. ಒಂದು ರಾತ್ರಿ ಇಬ್ಬರೂ ತಮ್ಮ ಮಾದರಿಯನ್ನು ಹೋಟೆಲಿನ ಪ್ರೊಜೆಕ್ಟರಿಗೆ ಸಿಕ್ಕಿಸಿ ನೋಡಿದರು. ಪರದೆ ಮೇಲೆ ಬಣ್ಣ ಬಂತು. ಅಲ್ಲಿದ್ದ ಪ್ರೊಜೆಕ್ಟರ್ ತಂತ್ರಜ್ಞ, ಇಡೀ ಮೇಳದಲ್ಲಿ ನಾನು ಕೊಳ್ಳೋದಾದ್ರೆ ಇದನ್ನೇ ಅಂದನಂತೆ. ಮೇಳದ ಒಳಗೆ ಯಾರೂ ತಿರುಗಿ ನೋಡದ ಕಂಪನಿಗೆ ಸಿಕ್ಕ ಮೊದಲ ಗಿರಾಕಿ ಮಾತು ಅದು!

ಮುಂದಿನ ಎಂಟು ತಿಂಗಳು ಬಲು ಗಟ್ಟಿ ಕೆಲಸ. ಮೊದಲು ದುಡ್ಡು. ಕಮೊಡೋರ್ ಆಪಲ್ಲನ್ನೇ ಕೊಳ್ಳೋ ಮಾತಾಡಿ ಹಿಂದೆ ಸರಿಯಿತು. ಆಮೇಲೆ ಸಿಕ್ಕವರು ಮೈಕ್ ಮಾರ್ಕುಲಾ. ಇಂಟೆಲ್ ಷೇರಿನಲ್ಲಿ ದುಡ್ಡು ಮಾಡಿ, ಮೂವತ್ತು ದಾಟಿದ ಹೊತ್ತಿಗೇ ನಿವೃತ್ತರಾಗಿದ್ದವರು. ಬಂಡವಾಳ, ಸಾಲ ಎಲ್ಲ ಸೇರಿ 2,50,000 ಡಾಲರ್‌ವರೆಗೆ ಹಾಕೋಕೆ ಒಪ್ಪಿದರು. ಒಂದೇ ಷರತ್ತು: ವೋಜ್ ಕೆಲಸ ಬಿಡಬೇಕು. ಅವನು ಆಗ ಎಚ್‌ಪಿಯಲ್ಲಿದ್ದ. ಒಳ್ಳೇ ಕಂಪನಿ, ಗ್ಯಾರಂಟಿ ಸಂಬಳ, ಸಾಯೋವರೆಗೂ ಇಂಜಿನಿಯರಾಗೇ ಇರ್ತೀನಿ ಅಂತ ಅವನ ಲೆಕ್ಕ. ಮೊದಲು ಆಗಲ್ಲ ಅಂದ. ನೋಟಿಸ್ ಪೀರಿಯಡ್, ಇಎಂಐ ಲೆಕ್ಕ ಹಾಕ್ತಾ ಕೂತಿರೋ ನಮ್ಮಲ್ಲಿ ಎಷ್ಟೋ ಜನಕ್ಕೆ ಆ "ಆಗಲ್ಲ" ಚೆನ್ನಾಗಿ ಅರ್ಥ ಆಗುತ್ತೆ. ಮನೆಯವರು, ಗೆಳೆಯರು ಸೇರಿ ಹೇಳಿ ಹೇಳಿ ಒಪ್ಪಿಸಿದರು. 1977ರ ಜನವರಿ 3ಕ್ಕೆ ಆಪಲ್ ಕಾನೂನು ಪ್ರಕಾರ ಕಂಪನಿಯಾಯ್ತು.

ಆಮೇಲೆ ಯಂತ್ರ. ರಾಡ್ ಹೋಲ್ಟ್ ಹೆಚ್ಚು ಬಿಸಿಯಾಗದ ಪವರ್ ಸಪ್ಲೈ ಮಾಡಿಕೊಟ್ಟರು. ಜೆರ್ರಿ ಮ್ಯಾನಕ್ ಪ್ಲಾಸ್ಟಿಕ್ ಪೆಟ್ಟಿಗೆ ವಿನ್ಯಾಸ ಮಾಡಿದರು. ಒಳಗೆ ಹೆಚ್ಚುವರಿ ಕಾರ್ಡ್ ಸಿಕ್ಕಿಸೋಕೆ ಎರಡು ಸ್ಲಾಟ್ ಸಾಕು ಅಂತ ಜಾಬ್ಸ್. ಎಂಟು ಬೇಕೇ ಬೇಕು ಅಂತ ವೋಜ್. ಯಾವ ಜಗಳಕ್ಕೂ ಹೋಗದ ಈ ಪ್ರಾಣಿ ಇದೊಂದು ವಿಷಯದಲ್ಲಿ ಪಟ್ಟು ಬಿಡಲಿಲ್ಲ, ಎಂಟೇ ಆಯ್ತು. ಮಳಿಗೆಗೆ ಮುಂಗಡ 5,000 ಡಾಲರ್ ಕಟ್ಟಿ ಬಾಗಿಲ ಪಕ್ಕದ ಜಾಗ ಹಿಡಿದವನು ಜಾಬ್ಸ್. ವೋಜ್‌ಗೆ ಆ ಮೊತ್ತ ಕೇಳಿಯೇ ಗಾಬರಿ.

ನಮ್ಮ ಕಡೆ ದನಗಳ ಜಾತ್ರೆಗೆ ಎತ್ತು ಹೊಡ್ಕೊಂಡು ಹೋಗೋಕೆ ಮುಂಚೆ ಕೊಂಬು ಹೆರೆಸ್ತಾರೆ, ಎಣ್ಣೆ ಹಚ್ತಾರೆ, ಕೊರಳಿಗೆ ಹೊಸ ಗೆಜ್ಜೆ ಕಟ್ತಾರೆ. ಅದನ್ನ ಮೋಸ ಅಂತ ಯಾರೂ ಅನ್ನಲ್ಲ. ಯಾಕಂದ್ರೆ ಕೊಳ್ಳೋಕೆ ಬಂದವನು ಕೊಂಬು ನೋಡಿ ನಿಲ್ತಾನೆ ಅಷ್ಟೆ. ಆಮೇಲೆ ಬಾಯಿ ಬಿಡಿಸಿ ಹಲ್ಲು ಎಣಿಸ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡ್ತಾನೆ. ಟವೆಲ್ ಕೆಳಗೆ ಬೆರಳು ಹಿಡಿದು ರೇಟು ಮಾತಾಡೋದು ಅದಾದ ಮೇಲೇನೇ.

ಆಪಲ್‌ನವರೂ ಕೊಂಬು ಹೆರೆಸಿದರು. ಮೇಳಕ್ಕೆ ಬಂದಿಳಿದ ಪ್ಲಾಸ್ಟಿಕ್ ಪೆಟ್ಟಿಗೆಗಳ ಮೇಲೆ ಸಣ್ಣಪುಟ್ಟ ಕಲೆ ಇತ್ತು. ಜಾಬ್ಸ್ ಕೂಗಾಡಿದ. ಇದ್ದ ಬೆರಳೆಣಿಕೆ ಜನ ಕೂತು ಉಪ್ಪುಕಾಗದ ಹಾಕಿ ಉಜ್ಜಿ ನಯ ಮಾಡಿದರು. ಹರಕು ಜೀನ್ಸ್‌ನ ಹುಡುಗನಿಗೆ ಸೂಟು ಕೂಡ ಬಂತು, ಮಾರ್ಕುಲಾ ಒತ್ತಾಯಕ್ಕೆ. ಆದರೆ ಇಲ್ಲೂ ಹಲ್ಲು ಎಣಿಸೋಕೆ ಬಿಟ್ಟಿದ್ದರು. ಆಪಲ್ II ಮುಚ್ಚಳಕ್ಕೆ ಸ್ಕ್ರೂ ಇಲ್ಲ, ಕೈಯಲ್ಲೇ ತೆಗೀಬಹುದು. ಬಂದವರಲ್ಲಿ ಬಹಳ ಜನ ಸೋಲ್ಡರಿಂಗ್ ಕಬ್ಬಿಣ ಹಿಡಿದು ಪಳಗಿದ ಹವ್ಯಾಸಿಗಳು. ಒಳಗೆ ನೋಡಿದರೆ ಒಂದೇ ಅಚ್ಚುಕಟ್ಟಾದ ಬೋರ್ಡು, ನಿರೀಕ್ಷೆಗಿಂತ ಕಮ್ಮಿ ಚಿಪ್ಪು. ಅಂಥವರ ಮುಂದೆ ಡೆಮೋ ಕೊಡ್ತಾ ಇದ್ದವರಲ್ಲಿ ಕ್ರಿಸ್ ಎಸ್ಪಿನೋಸಾ, ರ‍್ಯಾಂಡಿ ವಿಗ್ಗಿಂಟನ್ ಇನ್ನೂ ಹೈಸ್ಕೂಲ್ ಹುಡುಗರು.

ವೋಜ್‌ಗೆ ಆ ಗಂಭೀರ ವಾತಾವರಣದಲ್ಲೂ ತಮಾಷೆಯೇ ಬೇಕು. ಆಗಿನ ಪ್ರಸಿದ್ಧ ಯಂತ್ರ ಆಲ್ಟೇರ್. ಇವನು "ಜಾಲ್ಟೇರ್" ಅನ್ನೋ ಇಲ್ಲದ ಕಂಪ್ಯೂಟರಿಗೆ ಸಾವಿರಗಟ್ಟಲೆ ಕರಪತ್ರ ಅಚ್ಚು ಹಾಕಿಸಿ ಗುಟ್ಟಾಗಿ ಹಂಚಿಸಿಬಿಟ್ಟ. ಅನುಮಾನ ಬೇರೆಯವರ ಮೇಲೆ ಹೋಗಲಿ ಅಂತ, ಅದರಲ್ಲಿದ್ದ ಒಂದು ಸುಳ್ಳು ಹೇಳಿಕೆಯ ಪದಗಳ ಮೊದಲ ಅಕ್ಷರಗಳಲ್ಲಿ ಪ್ರೊಸೆಸರ್ ಟೆಕ್ನಾಲಜಿ ಹೆಸರು ಅಡಗಿಸಿದ್ದ. ಜಾಬ್ಸ್ ಆ ಕರಪತ್ರ ನಂಬಿ, ಅದರ ಹೋಲಿಕೆ ಪಟ್ಟಿಯಲ್ಲಿ ತಮ್ಮ ಯಂತ್ರ ಪರವಾಗಿಲ್ಲ ಅಂತ ಸಮಾಧಾನಪಟ್ಟುಕೊಂಡ. ಸತ್ಯ ಗೊತ್ತಾಗಿದ್ದು ವರ್ಷಗಳ ನಂತರ, ವೋಜ್ ಅದಕ್ಕೆ ಫ್ರೇಮ್ ಹಾಕಿಸಿ ಹುಟ್ಟುಹಬ್ಬಕ್ಕೆ ಕೊಟ್ಟಾಗ.

ಮೇಳದಿಂದ ಸಿಕ್ಕಿದ್ದು ಸುಮಾರು 300 ಆರ್ಡರು, ಜೊತೆಗೆ ಜಪಾನಿನಲ್ಲಿ ಮಾರಿಕೊಡೋಕೆ ಒಬ್ಬ ಜವಳಿ ಉದ್ಯಮಿ. 4 ಕೆಬಿ ಮೆಮೊರಿಯ ಯಂತ್ರಕ್ಕೆ 1,298 ಡಾಲರ್. ಜೂನ್‌ನಲ್ಲಿ ನಿಜವಾದ ಡಬ್ಬಗಳು ಹೊರಟವು. 300 ದೊಡ್ಡ ಸಂಖ್ಯೆ ಏನಲ್ಲ. ಕಮೊಡೋರ್‌ನ ಪೆಟ್ ಅದೇ ಹಾಲ್‌ನಲ್ಲಿತ್ತು, ಬೇರೆ ಎಷ್ಟೋ ಕಂಪನಿಗಳೂ ಇದ್ದವು. ಅಟ್ಲಾಂಟಿಕ್ ಸಿಟಿಯಲ್ಲಿ ಮೆರೆದಿದ್ದ ಪ್ರೊಸೆಸರ್ ಟೆಕ್ನಾಲಜಿ 1979ರಲ್ಲೇ ಬಾಗಿಲು ಹಾಕಿತು. ಆಪಲ್ II ಬೆಳೆದಿದ್ದು ಮೇಳದ ಆಚೆಗೆ: 1978ರಲ್ಲಿ ವೋಜ್ ಮಾಡಿದ ಫ್ಲಾಪಿ ಡ್ರೈವ್, 1979ರಲ್ಲಿ ವಿಸಿಕ್ಯಾಲ್ಕ್ ಅನ್ನೋ ಸ್ಪ್ರೆಡ್‌ಶೀಟ್. ಆ ಡ್ರೈವಿನ ಕಾರ್ಡು ಕೂತಿದ್ದು ಅವನು ಹಟ ಹಿಡಿದು ಇಡಿಸಿದ ಎಂಟು ಸ್ಲಾಟ್‌ಗಳಲ್ಲೊಂದರಲ್ಲಿ.

ಇದಕ್ಕೆ ಉಲ್ಟಾ ಕತೆಯೂ ಆಪಲ್‌ನದೇ. 1980ರ ಮೇ ತಿಂಗಳು, ಅನಾಹೈಮ್‌ನಲ್ಲಿ ನ್ಯಾಷನಲ್ ಕಂಪ್ಯೂಟರ್ ಕಾನ್ಫರೆನ್ಸ್. ಆಪಲ್ III ಬಿಡುಗಡೆ. ಈ ಸಲ ದುಡ್ಡಿಗೆ ಬರ ಇಲ್ಲ. ಅತಿಥಿಗಳಿಗೋಸ್ಕರ ಒಂದು ಸಂಜೆ ಪಕ್ಕದ ಡಿಸ್ನಿಲ್ಯಾಂಡನ್ನೇ ಬಾಡಿಗೆಗೆ ಹಿಡಿದರು. ಯಂತ್ರದೊಳಗೆ ಫ್ಯಾನ್ ಬೇಡ ಅಂತ ಜಾಬ್ಸ್ ತೀರ್ಮಾನ. ಗಿರಾಕಿಗಳ ಮನೆ ಸೇರಿದ ಮೇಲೆ ಚಿಪ್ಪುಗಳು ಸಾಕೆಟ್ಟಿನಲ್ಲಿ ಸಡಿಲವಾಗತೊಡಗಿದವು. ಯಂತ್ರವನ್ನು ಎರಡು ಮೂರು ಇಂಚು ಎತ್ತಿ ಮೇಜಿನ ಮೇಲೆ ಕುಕ್ಕಿ, ಸರಿಹೋಗುತ್ತೆ ಅಂತ ಗಿರಾಕಿಗಳಿಗೆ ಹೇಳಬೇಕಾಯ್ತು. ಮೊದಲು ಮಾರಿದ ಸುಮಾರು 14,000 ಯಂತ್ರಗಳನ್ನು ಬದಲಾಯಿಸಿಕೊಡಬೇಕಾಯ್ತು. ಅದನ್ನು ರೂಪಿಸಿದ್ದು ಇಂಜಿನಿಯರುಗಳಲ್ಲ, ಮಾರ್ಕೆಟಿಂಗ್‌ನವರು ಅಂತ ವೋಜ್ ಆಮೇಲೆ ದೂರಿದ. 1984ರಲ್ಲಿ ಆಪಲ್ III ನಿಂತುಹೋಯ್ತು. ಮೂರೇ ಮೂರು ಇಟ್ಟುಕೊಂಡು ಜಾತ್ರೆಗೆ ಬಂದಿದ್ದ ಆಪಲ್ II ವಂಶ ಮಾತ್ರ 1993ರ ತನಕ ಮಾರಾಟದಲ್ಲಿತ್ತು.